ಚೌಕಾಸಿ ಮಾಡಿದ್ರೆ ಮರ್ಯಾದೆ ಹೋಗಲ್ಲ



ಇವತ್ತು ಸ್ಪೋರ್ಟ್ಸ್ ಕಾರಿನ ಬಗ್ಗೆ ಬರೀತಾ ಇದ್ದೀನಿ. ಹೊಸ ಕಾರು ತಗೊಳ್ಳುವಾಗ ಶೋರೂಂನವರ ಹತ್ತಿರ ನ್ಯಾಯವಾದ ಬೆಲೆಗೆ ಮಾತಾಡೋದು ಹೇಗೆ ಅನ್ನೋದು ವಿಷಯ. ಪಿಟಿಸಿಎಲ್ ಕಾಯ್ದೆ, ಒಳಮೀಸಲಾತಿ, ಬ್ಯಾಕ್‌ಲಾಗ್ ಹುದ್ದೆ ಅಂತ ಬರೆಯೋ ಮನುಷ್ಯನಿಗೆ ಇದ್ದಕ್ಕಿದ್ದಂಗೆ ಏನಾಯ್ತು ಅಂತ ನಿಮಗೆ ಅನಿಸಬಹುದು. ನನಗೇನೂ ಆಗಿಲ್ಲ. ನಾನು ಅದೇ ಎಫ್‌ಡಿಎ, ಅದೇ ಹಳೇ ಬೈಕಲ್ಲಿ ಆಫೀಸಿಗೆ ಹೋಗ್ತೀನಿ. ಕಾರು ನಮ್ಮಕ್ಕನ ಮಗಳದ್ದು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ವಂಶದಲ್ಲಿ ಕಾರು ತಗೊಳ್ಳೋಕೆ ಹೊರಟ ಮೊದಲನೇ ಜೀವ ಅದು.

ಕಾರು ಬಲ್ಲವರು ಇದನ್ನ ನಿಜವಾದ ಸ್ಪೋರ್ಟ್ಸ್ ಕಾರು ಅಂತ ಒಪ್ಪಲ್ಲ. ಎರಡು ಬಾಗಿಲು ಇರಬೇಕು, ನೆಲಕ್ಕೆ ಅಂಟಿಕೊಂಡು ಹೋಗಬೇಕು ಅಂತಾರೆ. ಇದು ನಾಲ್ಕು ಬಾಗಿಲಿನ ಟರ್ಬೊ ಪೆಟ್ರೋಲ್ ಕಾರು. ಕೆಂಪು ಬಣ್ಣ, ಕಂಪನಿಯವರೇ ಹಿಂದುಗಡೆ ಸ್ಪೋರ್ಟ್ ಅಂತ ಅಂಟಿಸಿದ್ದಾರೆ. ನಮ್ಮ ಕೇರಿಗೆ ಅಷ್ಟು ಸಾಕು.

ನಾನು ಹೇಳಬೇಕಾಗಿರೋದು ಒಂದೇ ಮಾತು. ನಮ್ಮವರು ಅಂಗಡಿಯಲ್ಲಿ, ಶೋರೂಂನಲ್ಲಿ, ಸೈಟು ಕೊಳ್ಳೋ ಜಾಗದಲ್ಲಿ ವಸ್ತುವಿನ ಬೆಲೆ ಜೊತೆ ಇನ್ನೊಂದು ಬೆಲೆ ಕೊಡ್ತೀವಿ. ಅದು ಯಾವ ಬಿಲ್ಲಲ್ಲೂ ಇರಲ್ಲ. ಆಫೀಸಿನ ಭಾಷೆಯಲ್ಲಿ ಅದಕ್ಕೆ ‘ಮರ್ಯಾದೆಯ ಬಾಬ್ತು’ ಅಂತ ಹೆಸರಿಡ್ತೀನಿ. ಚೌಕಾಸಿ ಮಾಡಿದ್ರೆ ‘ಇವರ ಹತ್ರ ದುಡ್ಡಿಲ್ಲ’ ಅಂದ್ಕೊಂಡಾರು ಅನ್ನೋ ಹೆದರಿಕೆಗೆ ನಾವು ಕಟ್ಟೋ ದುಡ್ಡು ಅದು.

ಇದು ಹೊಸ ಲೆಕ್ಕ ಅಲ್ಲ. ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ 1901ರ ಘಟನೆ ನೆನಪಿರುತ್ತೆ. ಅಪ್ಪ ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ರು. ಅವರನ್ನ ನೋಡೋಕೆ ಹೊರಟ ಮಕ್ಕಳು ಮಸೂರ್ ಸ್ಟೇಷನ್ನಲ್ಲಿ ಇಳಿದ್ರು. ಒಳ್ಳೇ ಬಟ್ಟೆ ಹಾಕಿದ್ದ ಮಕ್ಕಳನ್ನ ನೋಡಿ ಸ್ಟೇಷನ್ ಮಾಸ್ತರು ಬ್ರಾಹ್ಮಣರ ಮಕ್ಕಳು ಅಂದ್ಕೊಂಡಿದ್ದ. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಬಾಡಿಗೆಗೆ ಬರಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಷರತ್ತು ಏನು? ಬಾಡಿಗೆ ಎರಡರಷ್ಟು ಕೊಡಬೇಕು. ಗಾಡಿ ಮಕ್ಕಳೇ ಹೊಡಕೋಬೇಕು. ಗಾಡಿಯವನು ಪಕ್ಕದಲ್ಲಿ ನಡೆದು ಬರ್ತಾನೆ.

ಈ ಘಟನೆಯನ್ನ ನಾವು ಅಸ್ಪೃಶ್ಯತೆಯ ಕಥೆ ಅಂತ ಎಷ್ಟೋ ಸಭೆಗಳಲ್ಲಿ ಹೇಳಿದ್ದೀವಿ. ಅದರೊಳಗಿನ ವ್ಯವಹಾರದ ಲೆಕ್ಕ ಯಾಕೋ ಹೇಳಲ್ಲ. ದುಡ್ಡು ಎರಡರಷ್ಟು, ಸೇವೆ ಅರ್ಧ. ಜಾತಿ ಅನ್ನೋದು ಮಾರುಕಟ್ಟೆಯ ಹೊರಗೆ ನಿಂತಿರಲ್ಲ, ರೇಟ್ ಕಾರ್ಡಿನ ಒಳಗೇ ಕೂತಿರುತ್ತೆ.

ನಮ್ಮಪ್ಪನ ಕಾಲದ್ದು ಹೇಳ್ತೀನಿ. ಘಾಟಿ ದನಗಳ ಜಾತ್ರೆಯಲ್ಲಿ ಬೆಲೆ ಕಟ್ಟೋದನ್ನ ನೋಡಿದವರಿಗೆ ಗೊತ್ತು. ಇಬ್ಬರು ಟವೆಲ್ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಬೆಲೆ ಮಾತಾಡ್ತಾರೆ. ಪಕ್ಕದಲ್ಲಿ ನಿಂತವನಿಗೂ ಎಷ್ಟು ಅಂತ ಗೊತ್ತಾಗಲ್ಲ. ಕೈಗೆ ಕೈ ತಾಗಿಸಲೇಬೇಕಾದ ಆ ವ್ಯಾಪಾರದಲ್ಲಿ ನಮ್ಮಪ್ಪ ದೂರದಲ್ಲಿ ನಿಂತಿರ್ತಿದ್ದ. ದಲ್ಲಾಳಿ ಬಂದು ‘ಇಷ್ಟು’ ಅಂದ್ರೆ ಅಷ್ಟು ಎಣಿಸಿ ಕೊಡ್ತಿದ್ದ. ಎತ್ತಿನ ಹಲ್ಲು ನೋಡೋದ್ರಲ್ಲಿ ಅವನನ್ನ ಮೀರಿಸುವವರು ಊರಲ್ಲಿ ಇರಲಿಲ್ಲ. ಎತ್ತಿನ ಬಗ್ಗೆ ಎಲ್ಲಾ ಗೊತ್ತಿತ್ತು, ಟವೆಲ್ ಕೆಳಗಿನ ಬೆಲೆ ಮಾತ್ರ ಗೊತ್ತಿರಲಿಲ್ಲ.

ಈಗ ಶೋರೂಂನಲ್ಲಿ ‘ಆನ್‌ರೋಡ್ ಪ್ರೈಸ್’ ಅಂತ ಒಂದೇ ಸಂಖ್ಯೆ ಹೇಳ್ತಾರಲ್ಲ, ಅದೇ ಇವತ್ತಿನ ಟವೆಲ್.

ಶೋರೂಂ ಬಾಗಿಲಲ್ಲೇ ಮನುಷ್ಯನನ್ನ ಅಳೆಯೋದು ಬರೀ ನಮಗೆ ಆಗೋದಲ್ಲ. 2022ರ ಜನವರಿಯಲ್ಲಿ ತುಮಕೂರಿನ ಒಂದು ಶೋರೂಂಗೆ ಪಿಕಪ್ ವಾಹನ ಕೇಳೋಕೆ ಹೋದ ರೈತನಿಗೆ ಜೇಬಲ್ಲಿ ಹತ್ತು ರೂಪಾಯಿನೂ ಇರಲ್ಲ ಅನ್ನೋ ಥರ ಹೀಯಾಳಿಸಿದ್ದು, ಅವರು ಸ್ವಲ್ಪ ಹೊತ್ತಲ್ಲೇ ಹತ್ತು ಲಕ್ಷ ತಂದು ತೋರಿಸಿದ್ದು ದೇಶವೆಲ್ಲಾ ಸುದ್ದಿಯಾಯ್ತು. ಬಟ್ಟೆ ನೋಡಿ ಅಳೆದಾಗ ದುಡ್ಡು ತೋರಿಸಿ ಬಾಯಿ ಮುಚ್ಚಿಸಬಹುದು. ಜಾತಿ ನೋಡಿ ಅಳೆದಾಗ ದುಡ್ಡು ತೋರಿಸಿದ್ರೂ ‘ಇದು ಎಲ್ಲಿಂದ ಬಂತು’ ಅನ್ನೋ ಪ್ರಶ್ನೆ ಇರುತ್ತೆ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಬುಲೆಟ್ ಓಡಿಸಿದ ಅಂತ ದಲಿತ ವಿದ್ಯಾರ್ಥಿಯ ಕೈಗಳ ಮೇಲೆ ಮಚ್ಚು ಬೀಸಿದ್ರು. ನಮ್ಮ ಮಕ್ಕಳು ವಾಹನ ತಗೊಳ್ಳೋದು ಬರೀ ಶೋಕಿ ಅನ್ನೋರು ಇದನ್ನ ನೆನಪಿಟ್ಕೊಳ್ಳಿ.

ನಾವು ಹೋದ ಶೋರೂಂ ಹೆಸರು ಬೇಡ, ಕಂಪನಿ ಹೆಸರೂ ಬೇಡ. ಅಲ್ಲಿ ಯಾರೂ ಬೈಯಲಿಲ್ಲ. ಕಾಫಿ ಕೊಟ್ಟರು. ಸೇಲ್ಸ್ ಹುಡುಗ ಫಾರಂ ತುಂಬೋಕೆ ಕೂತ. ಹೆಸರು, ತಂದೆ ಹೆಸರು, ಊರು.

‘ಆ ಊರಲ್ಲಿ ಯಾವ ಬೀದಿ ಸರ್? ನಮ್ಮ ರಿಲೇಟಿವ್ಸ್ ಇದ್ದಾರೆ ಅಲ್ಲಿ.’

‘ಅಂಬೇಡ್ಕರ್ ಕಾಲೋನಿ’ ಅಂದೆ.

ಪೆನ್ನು ಒಂದು ಗಳಿಗೆ ನಿಂತು ಆಮೇಲೆ ಓಡಿತು. ‘ಸರ್, ನಿಮಗೆ ಸಬ್ಸಿಡಿ ಸ್ಕೀಮ್ ಏನಾದ್ರೂ ಇರುತ್ತಲ್ವಾ? ಆ ಪೇಪರ್ಸ್ ಆದ್ರೆ ಲೇಟ್ ಆಗುತ್ತೆ, ಅದಕ್ಕೇ ಕೇಳ್ದೆ. ಇಲ್ಲಾಂದ್ರೆ ಇದಕ್ಕಿಂತ ಚಿಕ್ಕ ಮಾಡೆಲ್ ತೋರಿಸ್ಲಾ ಮೇಡಂಗೆ?’

ನಮ್ಮವರಿಗೆ ಟ್ಯಾಕ್ಸಿ, ಗೂಡ್ಸ್ ವಾಹನಕ್ಕೆ ಸಹಾಯಧನದ ಯೋಜನೆಗಳಿವೆ, ದುಡಿದು ತಿನ್ನೋಕೆ. ಸ್ವಂತಕ್ಕೆ ಓಡಿಸೋ ಕಾರಿಗೆ ಯಾವ ಸರ್ಕಾರ ಸಬ್ಸಿಡಿ ಕೊಡುತ್ತೆ? ಹುಡುಗಿ ಮುಖ ಕೆಂಪಾಯ್ತು. ‘ಟಾಪ್ ಮಾಡೆಲ್ಲೇ ಬೇಕು. ಆನ್‌ರೋಡ್ ಎಷ್ಟು ಹೇಳಿ, ಇವತ್ತೇ ಬುಕ್ ಮಾಡ್ತೀನಿ’ ಅಂದ್ಲು.

ನೋಡಿ, ಅಲ್ಲೇ ಆಯ್ತು ವ್ಯಾಪಾರ. ಆ ಒಂದು ಪ್ರಶ್ನೆಗೆ ಉತ್ತರವಾಗಿ ಅವಳು ಅವತ್ತು ಎಷ್ಟು ಕೇಳಿದ್ರೂ ಕೊಡ್ತಿದ್ಲು. ನಾನು ‘ಐಟಂವಾರು ಕೊಟೇಶನ್ ಪ್ರಿಂಟ್ ಹಾಕ್ಕೊಡಿ, ನೋಡಿ ಹೇಳ್ತೀವಿ’ ಅಂತ ಎದ್ದೆ. ಹೊರಗೆ ಬಂದ ಮೇಲೆ ಅವಳು ಕೇಳಿದ ಮಾತಿಗೇ ಈ ಪೋಸ್ಟ್ ಬರೀತಿರೋದು.

‘ಮಾವ, ಅವನ ಮುಂದೆ ಹತ್ತು ಸಾವಿರಕ್ಕೆ ಚೌಕಾಸಿ ಮಾಡಿದ್ರೆ ಅವನು ಅಂದ್ಕೊಂಡಿದ್ದೇ ನಿಜ ಆಗಲ್ವಾ?’

ನಾನು ಹೇಳಿದೆ: ನಮ್ಮ ಆಫೀಸಿಗೆ ಒಂದು ಕಬ್ಬಿಣದ ಬೀರು ಬೇಕಂದ್ರೂ ಮೂರು ಕೊಟೇಶನ್ ತರಿಸ್ತೀವಿ ಕಣಮ್ಮ. ತುಲನಾತ್ಮಕ ಪಟ್ಟಿ ಮಾಡ್ತೀವಿ. ಕಡಿಮೆ ದರದವನನ್ನ ಕರೆದು ಇನ್ನೂ ಇಳಿಸ್ತೀಯಾ ಅಂತ ಕೇಳ್ತೀವಿ. ದೊಡ್ಡ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯೇ ಇದೆ. ಕರ್ನಾಟಕ ಸರ್ಕಾರವನ್ನ ಯಾರಾದ್ರೂ ‘ಪಾಪ, ದುಡ್ಡಿಲ್ಲ’ ಅಂತಾರಾ? ಮೂರು ಕೊಟೇಶನ್ ಇಲ್ಲದೆ ಖರೀದಿ ಮಾಡಿದ್ರೆ ಆಡಿಟ್‌ನವರು ಆಕ್ಷೇಪಣೆ ಹಾಕ್ತಾರೆ. ನಿನ್ನ ದುಡ್ಡಿಗೂ ಒಬ್ಬ ಆಡಿಟರ್ ಬೇಕು.

ಅವತ್ತು ರಾತ್ರಿ ಆ ಕೊಟೇಶನ್ನನ್ನ ಕಡತ ಓದೋ ಹಾಗೆ ಓದಿದ್ವಿ. ಅಂಕಿಗಳು ಹೀಗಿದ್ವು:

ಎಕ್ಸ್‌ಶೋರೂಂ ಬೆಲೆ – 16,00,000
ರಸ್ತೆ ತೆರಿಗೆ, ಸೆಸ್ ಸೇರಿ – 3,01,920
ಟಿಸಿಎಸ್ – 16,000
ವಿಮೆ – 82,000
ಹ್ಯಾಂಡ್ಲಿಂಗ್ ಚಾರ್ಜ್ – 12,500
ಎಕ್ಸ್‌ಟೆಂಡೆಡ್ ವಾರಂಟಿ – 28,000
ಅಕ್ಸೆಸರಿ ಕಿಟ್ – 24,500
ಕೋಟಿಂಗ್ – 18,000
ಆರ್‌ಟಿಒ ಖರ್ಚು – 6,500
ಫಾಸ್ಟ್‌ಟ್ಯಾಗ್ – 600
ಒಟ್ಟು – 20,90,020

ಇದರಲ್ಲಿ ಯಾವುದು ಸರ್ಕಾರದ್ದು, ಯಾವುದು ಕಂಪನಿಯದ್ದು, ಯಾವುದು ಶೋರೂಂನವರದ್ದು ಅಂತ ಬೇರೆ ಮಾಡೋದೇ ಅರ್ಧ ಚೌಕಾಸಿ.

ಎಕ್ಸ್‌ಶೋರೂಂ ಬೆಲೆ ಕಂಪನಿ ನಿಗದಿ ಮಾಡಿದ್ದು. ಜಿಎಸ್‌ಟಿ ಅದರೊಳಗೇ ಸೇರಿರುತ್ತೆ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳಿಗೆ 18%, ದೊಡ್ಡವಕ್ಕೆ 40%. ಈ ಬೆಲೆಯನ್ನ ಕಂಪನಿಯ ವೆಬ್‌ಸೈಟಲ್ಲಿ ನೋಡಿ ತಾಳೆ ಮಾಡಿ. ಡೀಲರ್ ರಿಯಾಯಿತಿ ಕೊಡೋದು ತನ್ನ ಕಮಿಷನ್ನಲ್ಲಿ, ಜೊತೆಗೆ ಕಂಪನಿ ಆಗಾಗ ಕೊಡೋ ಸ್ಕೀಮಲ್ಲಿ.

ರಸ್ತೆ ತೆರಿಗೆಯಲ್ಲಿ ಚೌಕಾಸಿ ಇಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ 17%, ಆ ತೆರಿಗೆಯ ಮೇಲೆ 11% ಸೆಸ್. ದೇಶದಲ್ಲೇ ಜಾಸ್ತಿ ಇರೋ ರಾಜ್ಯಗಳಲ್ಲಿ ನಮ್ಮದೂ ಒಂದು. 16 ಲಕ್ಷಕ್ಕೆ 2,72,000, ಅದರ ಮೇಲೆ ಸೆಸ್ 29,920. ನೀವೇ ಕೂಡಿಸಿ ನೋಡಿ, ರಸೀದಿ ಕೇಳಿ.

ಟಿಸಿಎಸ್ ಅನ್ನೋದು 10 ಲಕ್ಷ ಮೀರಿದ ವಾಹನಕ್ಕೆ ಹಿಡಿಯೋ 1%. ಇದು ಖರ್ಚಲ್ಲ, ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಜಮೆ. ರಿಟರ್ನ್ಸ್ ಹಾಕುವಾಗ ತೋರಿಸಿದ್ರೆ ತೆರಿಗೆಯಲ್ಲಿ ವಜಾ ಆಗುತ್ತೆ, ಹೆಚ್ಚಿದ್ದರೆ ವಾಪಸ್ ಬರುತ್ತೆ. ಮೊದಲ ತಲೆಮಾರಿನ ನಮ್ಮ ಎಷ್ಟೋ ಜನಕ್ಕೆ ಇದನ್ನ ಹೇಳೋರೇ ಇಲ್ಲ.

ವಿಮೆ ವಿಷಯದಲ್ಲಿ ಗಟ್ಟಿಯಾಗಿರಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ. ಆದ್ರೆ ಶೋರೂಂನಲ್ಲೇ ಮಾಡಿಸಬೇಕು ಅನ್ನೋ ಕಡ್ಡಾಯ ಇಲ್ಲ. ಯಾವ ಕಂಪನಿ, ಯಾರ ಮೂಲಕ ಅನ್ನೋದು ಕೊಳ್ಳುವವರ ಇಷ್ಟ. ಹೋಲಿಸುವಾಗ ಐಡಿವಿ ಒಂದೇ ಇರಲಿ, ಝೀರೋ ಡೆಪ್ ಥರದ ಆ್ಯಡ್‌ಆನ್‌ಗಳೂ ಒಂದೇ ಇರಲಿ. ಹಾಗೆ ಹೋಲಿಸಿದಾಗ ನಮಗೆ ಹೊರಗೆ ಸಿಕ್ಕಿದ್ದು 54,000ಕ್ಕೆ.

ಹ್ಯಾಂಡ್ಲಿಂಗ್ ಚಾರ್ಜ್ ಅಂದ್ರೆ ಏನು ಅಂತ ಕೇಳಿ. ‘ಗೋಡೌನ್‌ನಿಂದ ಶೋರೂಂಗೆ ತರೋ ಖರ್ಚು’ ಅಂತಾರೆ. ಮಾರೋಕೆ ಕೂತವನು ಸರಕನ್ನ ಅಂಗಡಿಗೆ ತರೋದು ಅವನ ಖರ್ಚು. ಯಾವ ನಿಯಮದಡಿ ಹಾಕಿದ್ದೀರಿ, ಬರವಣಿಗೆಯಲ್ಲಿ ಕೊಡಿ ಅಂದ್ವಿ. ಪೆನ್ನಿಂದ ಹೊಡೆದು ಹಾಕಿದ್ರು. ಆರ್‌ಟಿಒ ಖರ್ಚಿಗೆ ಸರ್ಕಾರಿ ರಸೀದಿ ಕೇಳಿದ್ವಿ. ನೋಂದಣಿ, ಸ್ಮಾರ್ಟ್ ಕಾರ್ಡ್, ಸಾಲದ ನಮೂದು ಎಲ್ಲಾ ಸೇರಿ 2,300 ಬಂತು. ಕಿಟ್ ಬೇಡ, ಕೋಟಿಂಗ್ ಬೇಡ. ಮ್ಯಾಟು, ಮಡ್‌ಫ್ಲ್ಯಾಪು ಬೇಕಾದಾಗ ಹೊರಗೆ ಸಿಗುತ್ತೆ. ವಾರಂಟಿ ಮಾತ್ರ ಇಟ್ಕೊಂಡ್ಲು. ಟರ್ಬೊ ಇಂಜಿನ್ನು, ಆಟೋಮ್ಯಾಟಿಕ್ ಗೇರು, ಕೆಟ್ಟರೆ ಖರ್ಚು ದೊಡ್ಡದು. ಎಲ್ಲಾ ಕಿತ್ತು ಹಾಕೋದೇ ಜಾಣತನ ಅಲ್ಲ.

ಆಮೇಲೆ ಅದೇ ಕಂಪನಿಯ ಇನ್ನೆರಡು ಡೀಲರ್‌ಗಳ ಹತ್ರ, ಒಬ್ಬರು ಬೆಂಗಳೂರಿನ ಇನ್ನೊಂದು ದಿಕ್ಕಲ್ಲಿ, ಇನ್ನೊಬ್ಬರು ಪಕ್ಕದ ಜಿಲ್ಲೆಯಲ್ಲಿ, ಅದೇ ಮಾಡೆಲ್, ಅದೇ ಬಣ್ಣಕ್ಕೆ ಲಿಖಿತ ಕೊಟೇಶನ್ ತಗೊಂಡ್ವಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು ಪಟ್ಟಿ ಮಾಡಿದೆ, ಕೆಳಗೆ ಷರಾ. ತಿಂಗಳ ಕೊನೇ ವಾರ ಹೋದ್ವಿ, ಅವರಿಗೆ ಟಾರ್ಗೆಟ್ ಇರುತ್ತೆ. ಈ ಸಲ ಸೇಲ್ಸ್ ಹುಡುಗನ ಜೊತೆ ಅಲ್ಲ, ಮ್ಯಾನೇಜರ್ ಜೊತೆ ಕೂತ್ವಿ. ಮಾತಾಡಿದ್ದು ನಾನಲ್ಲ, ಅವಳು. ಪಟ್ಟಿ ಮುಂದಿಟ್ಟು ‘ಇಲ್ಲಿ 45,000 ರಿಯಾಯಿತಿ ಬರೆದು ಕೊಟ್ಟಿದ್ದಾರೆ. ನನಗೆ ನಿಮ್ಮ ಶೋರೂಂ ಹತ್ತಿರ, ಸರ್ವಿಸ್‌ಗೆ ಅನುಕೂಲ. ನೀವೆಷ್ಟು ಕೊಡ್ತೀರಿ?’ ಅಂದ್ಲು. ದನಿ ಏರಿಸಲಿಲ್ಲ, ನಾವು ಯಾರು ಗೊತ್ತಾ ಅಂತಲೂ ಅನ್ನಲಿಲ್ಲ. ಮ್ಯಾನೇಜರ್ ಒಳಗೆ ಹೋಗಿ ಬಂದ್ರು, 25 ಅಂದ್ರು, ಆಮೇಲೆ 30. ಅವಳು ಸುಮ್ಮನೆ ಪಟ್ಟಿ ಮಡಚಿ ಬ್ಯಾಗಿಗೆ ಹಾಕೋಕೆ ಹೋದ್ಲು. 40ಕ್ಕೆ ನಿಂತಿತು.

ಲೆಕ್ಕ ಹಾಕಿ. ವಿಮೆಯಲ್ಲಿ 28,000, ಹ್ಯಾಂಡ್ಲಿಂಗ್ 12,500, ಕಿಟ್ 24,500, ಕೋಟಿಂಗ್ 18,000, ಆರ್‌ಟಿಒ 4,200, ರಿಯಾಯಿತಿ 40,000. ಒಟ್ಟು 1,27,200 ರೂಪಾಯಿ ಉಳೀತು. ಇದೇ ಮರ್ಯಾದೆಯ ಬಾಬ್ತು, ಪೈಸೆ ಸಮೇತ.

ನಮ್ಮಕ್ಕ ಈಗಲೂ ಊರಲ್ಲಿ ಕೂಲಿಗೆ ಹೋಗ್ತಾಳೆ, ಬೇಡ ಅಂದ್ರೂ ಕೇಳಲ್ಲ. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 1,27,200 ಅಂದ್ರೆ 343 ದಿನದ ದುಡಿಮೆ ಮೀರುತ್ತೆ. ವರ್ಷಕ್ಕೆ ನೂರು ದಿನ ಕೆಲಸ ಸಿಕ್ಕರೆ ಮೂರು ವರ್ಷ ಮಣ್ಣು ಹೊರಬೇಕು. ಒಬ್ಬ ಸೇಲ್ಸ್ ಹುಡುಗನ ಒಂದು ಪ್ರಶ್ನೆಗೆ ಉತ್ತರವಾಗಿ ತಾಯಿಯ ಮೂರು ವರ್ಷವನ್ನ ಮೇಜಿನ ಮೇಲೆ ಇಟ್ಟು ಬರಬೇಕಾ?

ಇನ್ನೊಂದು ಕಡೆ ನೋಡಿ. ನಿಜವಾದ ಸ್ಪೋರ್ಟ್ಸ್ ಕಾರು ಇಟ್ಕೊಂಡಿರೋರ ಕಥೆ. ಬೇರೆ ರಾಜ್ಯದಲ್ಲಿ, ಪುದುಚೇರಿಯಲ್ಲಿ ನೋಂದಣಿ ಮಾಡಿಸಿ, ಇಲ್ಲಿನ ತೆರಿಗೆ ಕಟ್ಟದೆ ಬೆಂಗಳೂರಲ್ಲಿ ಓಡಿಸ್ತಿದ್ದ ಐಷಾರಾಮಿ ಕಾರುಗಳನ್ನ 2025ರಲ್ಲಿ ಸಾರಿಗೆ ಇಲಾಖೆಯವರು ಹಿಡಿದ್ರು. ಆ ಜುಲೈನಲ್ಲಿ ಒಂದು ಫೆರಾರಿಯಿಂದಲೇ ಸುಮಾರು 1.41 ಕೋಟಿ ವಸೂಲಾಯ್ತು. ಅವರನ್ನ ಯಾರೂ ‘ಸರ್, ನಿಮಗೆ ಸಬ್ಸಿಡಿ ಇರುತ್ತಲ್ವಾ’ ಅಂತ ಕೇಳಲಿಲ್ಲ. ಕಟ್ಟದೇ ಇದ್ದ ತೆರಿಗೆಯೂ ಒಂದು ಸಬ್ಸಿಡಿನೇ, ಅವರೇ ತಮಗೆ ಮಂಜೂರು ಮಾಡ್ಕೊಂಡಿದ್ದು. ನಮ್ಮ ಹುಡುಗಿ 3,01,920 ರೂಪಾಯಿ ತೆರಿಗೆ ಕಟ್ಟಿ ರಸೀದಿ ಇಟ್ಕೊಂಡಿದ್ದಾಳೆ.

ಇನ್ನು ಕೆಲವು ಮಾತು, ಕೊಳ್ಳೋಕೆ ಹೊರಟಿರೋ ನಮ್ಮ ಮಕ್ಕಳಿಗೆ.

ಕಾರಿನ ಬೆಲೆ ಮಾತಾಡುವಾಗ ಕಂತಿನ ಮಾತು ಬೇಡ. ‘ತಿಂಗಳಿಗೆ ಇಷ್ಟೇ ಸರ್’ ಅಂದ ಕೂಡಲೇ ಟವೆಲ್ ಮತ್ತೆ ಬಂತು ಅಂತ ತಿಳ್ಕೊಳ್ಳಿ. ಸಾಲ ಬೇರೆ ವ್ಯವಹಾರ. ನಿಮ್ಮ ಸಂಬಳದ ಬ್ಯಾಂಕಲ್ಲಿ ಮೊದಲು ಕೇಳಿ. 12 ಲಕ್ಷ ಸಾಲಕ್ಕೆ ಏಳು ವರ್ಷದಲ್ಲಿ 9ಕ್ಕೂ 9.5ಕ್ಕೂ ವ್ಯತ್ಯಾಸ 25 ಸಾವಿರ ದಾಟುತ್ತೆ.

ಯಾವ ತಿಂಗಳು ತಯಾರಾದ ಕಾರು ಅಂತ ದುಡ್ಡು ಪೂರ್ತಿ ಕಟ್ಟೋ ಮುಂಚೆ ಕೇಳಿ. ಸೇಲ್ ಸರ್ಟಿಫಿಕೇಟ್, ಅಂದ್ರೆ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತೆ. ಹೋದ ವರ್ಷದ ಸ್ಟಾಕ್ ಆದ್ರೆ ತಗೋಬಾರದು ಅಂತಿಲ್ಲ, ಅದಕ್ಕೆ ತಕ್ಕ ಹಾಗೆ ಬೆಲೆ ಇಳಿಸಬೇಕು. ನೋಂದಣಿಗೆ ಮುಂಚೆ ಹಗಲು ಬೆಳಕಲ್ಲಿ ಕಾರನ್ನ ಸುತ್ತಿ ನೋಡಿ.

ಬಾಯಿಮಾತಿನ ರಿಯಾಯಿತಿ ರಿಯಾಯಿತಿ ಅಲ್ಲ. ಬುಕಿಂಗ್ ಫಾರಂನಲ್ಲಿ ಬರೆಸಿ, ಬುಕಿಂಗ್ ದುಡ್ಡು ವಾಪಸ್ ಬರೋ ಷರತ್ತನ್ನೂ ಬರೆಸಿ. ದುಡ್ಡು ಡೀಲರ್ ಖಾತೆಗೇ ಹೋಗಲಿ, ಯಾರ ಫೋನ್ ನಂಬರಿಗೂ ಬೇಡ. ಒಪ್ಪಿದ್ದಕ್ಕೆ ತಪ್ಪಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಸಂವಿಧಾನ ಓದೋ ನಾವು ಇದನ್ನೂ ಓದಬೇಕು.

ಕೊನೇದು, ಆದ್ರೆ ಮುಖ್ಯವಾದದ್ದು. ಆ ಸೇಲ್ಸ್ ಹುಡುಗನನ್ನ ಏಕವಚನದಲ್ಲಿ ಮಾತಾಡಿಸಬೇಡಿ. ಅವನ ಕೈಗೆ ಬರೋ ಇನ್ಸೆಂಟಿವ್ ಎಷ್ಟು ವಿಮೆ, ಎಷ್ಟು ಕಿಟ್ ಮಾರಿದ ಅನ್ನೋದರ ಮೇಲೆ ಇರುತ್ತೆ. ಅವನ ಜಾತಿ ಮಾತಿಗೆ ಉತ್ತರ ಕೊಡಿ. ನಮ್ಮ ಹುಡುಗಿ ಕೊಟ್ಟಳು: ‘ನೀವು ಎಲ್ಲಾ ಕಸ್ಟಮರ್‌ಗೂ ಬೀದಿ ಕೇಳ್ತೀರಾ?’ ಅಂತ ಮ್ಯಾನೇಜರ್ ಮುಂದೆನೇ ಕೇಳಿದ್ಲು. ಅವನು ತಲೆ ತಗ್ಗಿಸಿ ಸಾರಿ ಅಂದ. ಅಲ್ಲಿಗೆ ಬಿಟ್ಟಳು. ನಮಗೆ ಬೇಕಾಗಿದ್ದು ಸರಿಯಾದ ಬೆಲೆ ಮತ್ತು ಸರಿಯಾದ ಮಾತು. ಇನ್ನೊಬ್ಬನನ್ನ ಕೆಳಗೆ ಕೂರಿಸೋದು ನಮ್ಮ ಅಜೆಂಡಾದಲ್ಲಿ ಇಲ್ಲ.

ಬಾಬಾಸಾಹೇಬರು ‘ರೂಪಾಯಿಯ ಸಮಸ್ಯೆ’ ಬಗ್ಗೆ 1923ರಲ್ಲೇ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞರು. ಅವರ ಫೋಟೋ ಮನೇಲಿ ಇಟ್ಕೊಂಡು, ರೂಪಾಯಿ ಲೆಕ್ಕ ಕೇಳೋಕೆ ನಾಚಿಕೆ ಪಡೋದು ಯಾಕೆ?

ಕಾರು ತಗೊಳ್ಳೋರು ನಮ್ಮಲ್ಲಿ ಇನ್ನೂ ಕಮ್ಮಿ. ಆದ್ರೆ ಸಾಲ–ಸಹಾಯಧನದಲ್ಲಿ ಗೂಡ್ಸ್ ಆಟೋ, ಟ್ಯಾಕ್ಸಿ, ಟ್ರ್ಯಾಕ್ಟರ್ ತಗೊಳ್ಳೋ ಹುಡುಗರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಡೀಲರ್ ಕೊಟ್ಟ ಕೊಟೇಶನ್‌ಗೆ ಅವರು ಸಹಿ ಹಾಕ್ತಾರೆ ಅಷ್ಟೇ, ಕೂತು ಓದಿ ಹೇಳೋರು ಯಾರೂ ಇಲ್ಲ. ಸಂಘಟನೆಯ ಗೆಳೆಯರೇ, ಜಯಂತಿಗೆ ಬ್ಯಾನರ್ ಕಟ್ಟೋ ಹಾಗೆ ತಾಲ್ಲೂಕಿಗೆ ಇಬ್ಬರು ಈ ಕೆಲಸಕ್ಕೂ ನಿಲ್ಲೋಣ. ಯಾರಾದ್ರೂ ವಾಹನ ತಗೊಳ್ತಿದ್ರೆ ಸಹಿ ಹಾಕೋ ಮುಂಚೆ ಕೊಟೇಶನ್ ಫೋಟೋ ನನಗೆ ಕಳಿಸಿ. ಭಾನುವಾರ ಆದ್ರೆ ಜೊತೆಗೇ ಬರ್ತೀನಿ, ಕಾಲಂ ಎಳೆದ ಹಾಳೆ ಸಮೇತ.

ಜೈ ಭೀಮ್.